ಸಣ್ಣ ಕಾರ್ಖಾನೆಗಳಲ್ಲಿ ಸುರಕ್ಷತೆ ಮತ್ತು ಅಪಘಾತ ತಡೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ, ಮಂಗಳೂರಿನ ಬೈಕಂಪಾಡಿಯಂಥ ಕೈಗಾರಿಕಾ ಪ್ರದೇಶಗಳಲ್ಲಿ ಹತ್ತರಿಂದ ನೂರು ಜನ ದುಡಿಯುವ ಘಟಕಗಳಿಗೆ ಲೆಕ್ಕವಿಲ್ಲ. ದೊಡ್ಡ ಕಂಪನಿಗಳಲ್ಲಿ ಸುರಕ್ಷತೆಗೆಂದೇ ಅಧಿಕಾರಿಗಳಿರುತ್ತಾರೆ. ಸಣ್ಣ ಘಟಕದಲ್ಲಿ ಕಚ್ಚಾ ಮಾಲು, ಬ್ಯಾಂಕು, ಜಿಎಸ್‌ಟಿ, ಡೆಲಿವರಿ ಎಲ್ಲವನ್ನೂ ನೋಡಿಕೊಳ್ಳುವ ಮಾಲೀಕರೇ ಸುರಕ್ಷತೆಯನ್ನೂ ನೋಡಬೇಕು. ಅಂಥ ಮಾಲೀಕರು, ಸೂಪರ್‌ವೈಸರ್‌ಗಳು ಮತ್ತು ಯಂತ್ರದ ಮುಂದೆ ನಿಂತು ದುಡಿಯುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ಅಪಘಾತಗಳಿಗೆ ಮುಖ್ಯ ಕಾರಣ ಕಾರ್ಮಿಕರ ಅಜಾಗರೂಕತೆಯೇ ಅಲ್ಲವೇ?

ಈ ನಂಬಿಕೆ ಬಹಳ ಹಳೆಯದು. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹೈನ್‌ರಿಕ್ ಎಂಬುವರು 1931ರಲ್ಲಿ, ನೂರಕ್ಕೆ 88 ಅಪಘಾತಗಳು ಕೆಲಸಗಾರರ ಅಸುರಕ್ಷಿತ ನಡವಳಿಕೆಯಿಂದಲೇ ಆಗುತ್ತವೆ ಎಂದು ಬರೆದರು. ಆ ಅಂಕಿಯನ್ನು ಇಂದಿಗೂ ತರಬೇತಿ ಶಿಬಿರಗಳಲ್ಲಿ ಹೇಳಿಕೊಡುತ್ತಾರೆ. ಆದರೆ ಅದರ ಆಧಾರ ವಿಮಾ ಕಡತಗಳು ಮತ್ತು ಕಾರ್ಖಾನೆಗಳ ಕಡೆಯಿಂದ ಬಂದ ಅಪಘಾತ ವರದಿಗಳು. ಗಾಯಗೊಂಡವರ ಮಾತು ಅಂಥ ವರದಿಗಳಲ್ಲಿ ಎಷ್ಟು ಸೇರಿರುತ್ತದೆ ಎಂಬುದನ್ನು ನಮ್ಮ ಅಪಘಾತ ರಿಜಿಸ್ಟರ್‌ಗಳನ್ನು ನೋಡಿದ ಯಾರಾದರೂ ಊಹಿಸಬಲ್ಲರು.

ಲೋಹದ ಹಾಳೆಯನ್ನು ಅಚ್ಚಿನಲ್ಲಿ ಒತ್ತುವ ಪ್ರೆಸ್ ಯಂತ್ರದ ಆಪರೇಟರ್ ಒಬ್ಬರು ಒಂದು ಪಾಳಿಯಲ್ಲಿ ಸಾವಿರಾರು ಸಲ ಪೆಡಲ್ ಒತ್ತುತ್ತಾರೆ. ಅಷ್ಟು ಸಲದಲ್ಲಿ ಒಮ್ಮೆ ಅವರ ಗಮನ ತಪ್ಪುವುದು ಖಂಡಿತ, ಏಕೆಂದರೆ ಮನುಷ್ಯರ ಗಮನ ಇರುವುದೇ ಹಾಗೆ. ಆ ಒಂದು ಸಲ ಬೆರಳು ಡೈ (ಅಚ್ಚು) ಒಳಗೆ ಹೋಗಲು ದಾರಿ ಇದ್ದರೆ ಬೆರಳು ಹೋಗುತ್ತದೆ, ದಾರಿ ಮುಚ್ಚಿದ್ದರೆ ಉಳಿಯುತ್ತದೆ. ಹಾಗಾಗಿ ಅಪಘಾತದ ಕಾರಣವನ್ನು ಆ ದಾರಿ ತೆರೆದೇ ಇದ್ದುದರಲ್ಲಿ ಹುಡುಕಬೇಕು. 1948ರ ಕಾರ್ಖಾನೆಗಳ ಕಾಯ್ದೆಯ 21ನೇ ಕಲಂ ಕೂಡ ಅಪಾಯಕಾರಿ ಭಾಗಗಳಿಗೆ ಭದ್ರವಾದ ಬೇಲಿ ಇರಬೇಕು ಎಂದು ಹೇಳಿತೇ ಹೊರತು, ಕಾರ್ಮಿಕರು ಜಾಗರೂಕರಾಗಿದ್ದರೆ ಬೇಲಿ ಬೇಡ ಎಂದು ಹೇಳಲಿಲ್ಲ. ಮುಂದಿನ ಉತ್ತರಗಳೆಲ್ಲ ಇದೇ ನಿಲುವಿನ ಮೇಲೆ ನಿಂತಿವೆ: ಮೊದಲು ಯಂತ್ರ, ಜಾಗ ಮತ್ತು ವಿಧಾನವನ್ನು ಸರಿಪಡಿಸಬೇಕು, ಆಮೇಲೆ ಜಾಗ್ರತೆಯ ಮಾತು ಆಡಬೇಕು.

ನಮ್ಮ ಘಟಕದಲ್ಲಿರುವ ಅಪಾಯಗಳನ್ನು ಗುರುತಿಸುವುದು ಎಲ್ಲಿಂದ ಆರಂಭವಾಗಬೇಕು?

ಆಫೀಸಿನ ಮೇಜಿನ ಮೇಲೆ ಪಟ್ಟಿ ಬರೆಯುವುದರಿಂದ ಬೇಡ. ಕೆಲಸ ನಡೆಯುತ್ತಿರುವಾಗ ಪ್ರತಿ ಯಂತ್ರದ ಬಳಿ ಸ್ವಲ್ಪ ಹೊತ್ತು ನಿಂತು, ಕೈ ಎಲ್ಲಿಗೆ ಹೋಗುತ್ತದೆ, ಬಟ್ಟೆ ಎಲ್ಲಿ ತಾಗುತ್ತದೆ, ಭಾರ ಯಾರ ತಲೆಯ ಮೇಲಿಂದ ಹಾದುಹೋಗುತ್ತದೆ ಎಂದು ಗಮನಿಸಿ. ಬಳಿಕ ಅಲ್ಲಿಯೇ ಕೆಲಸ ಮಾಡುವವರನ್ನು ಕೇಳಿ. "ಇಲ್ಲಿ ಏನಾದರೂ ಅಪಾಯ ಇದೆಯೇ?" ಎಂದರೆ ಬಹುಪಾಲು ಜನ ಇಲ್ಲ ಎನ್ನುತ್ತಾರೆ. "ಈ ಯಂತ್ರಕ್ಕೆ ಹೊಸ ಹುಡುಗ ಬಂದರೆ ಅವನಿಗೆ ಮೊದಲು ಏನು ಹೇಳಿಕೊಡುತ್ತೀರಿ?" ಎಂದು ಕೇಳಿದರೆ ಎಲ್ಲವೂ ಹೊರಬರುತ್ತದೆ.

ದಿನನಿತ್ಯದ ಉತ್ಪಾದನೆಗಿಂತ, ಅಪರೂಪಕ್ಕೆ ನಡೆಯುವ ಕೆಲಸಗಳ ಕಡೆಗೆ ಹೆಚ್ಚು ಗಮನ ಕೊಡಿ. ಡೈ ಬದಲಿಸುವುದು, ಸಿಕ್ಕಿಹಾಕಿಕೊಂಡ ಮಾಲನ್ನು ಬಿಡಿಸುವುದು, ತೊಟ್ಟಿ ತೊಳೆಯುವುದು, ಶೀಟಿನ ಛಾವಣಿ ಏರಿ ಸೋರಿಕೆ ಮುಚ್ಚುವುದು, ಲಾರಿಯಿಂದ ಯಂತ್ರ ಇಳಿಸುವುದು ಇವೆಲ್ಲ ನಿಗದಿತ ವಿಧಾನವಿಲ್ಲದೆ, ಕೈಗೆ ಸಿಕ್ಕವರಿಂದ ನಡೆಯುವ ಕೆಲಸಗಳಾದ್ದರಿಂದ, ಪ್ರಾಣಹಾನಿಯ ಸಂಭವ ಇವುಗಳಲ್ಲೇ ಹೆಚ್ಚು.

ನಮ್ಮಲ್ಲಿ ಆಯುಧಪೂಜೆಗೆ ಯಂತ್ರಗಳನ್ನೆಲ್ಲ ನಿಲ್ಲಿಸಿ, ತೊಳೆದು, ಬಣ್ಣ ಹಚ್ಚುವ ರೂಢಿ ಇದೆ. ವರ್ಷದಲ್ಲಿ ಎಲ್ಲ ಯಂತ್ರಗಳೂ ಒಟ್ಟಿಗೆ ನಿಂತಿರುವ ಆ ದಿನವನ್ನು ಗಾರ್ಡ್, ಬೆಲ್ಟ್, ಅರ್ಥಿಂಗ್, ತುರ್ತು ನಿಲುಗಡೆ ಬಟನ್‌ಗಳ ತಪಾಸಣೆಗೂ ಬಳಸಿಕೊಳ್ಳಬೇಕೆಂಬುದು ನಮ್ಮ ಬಲವಾದ ಸಲಹೆ.

ಪವರ್ ಪ್ರೆಸ್‌ನಲ್ಲಿ ಬೆರಳು ಹೋಗುವುದನ್ನು ತಡೆಯುವುದು ಹೇಗೆ? ಸೆನ್ಸರ್ ಹಾಕಿಸಿದರೆ ಸಾಕೇ?

ಎಲ್ಲ ಪ್ರೆಸ್‌ಗಳಿಗೂ ಸೆನ್ಸರ್ ಸಾಲದು, ಮತ್ತು ಇದನ್ನು ತಿಳಿಯದೆ ಹಣ ಖರ್ಚು ಮಾಡಿದವರು ಅನೇಕರಿದ್ದಾರೆ. ಸಣ್ಣ ಶಾಪ್‌ಗಳಲ್ಲಿರುವ ಹಳೆಯ ಮೆಕ್ಯಾನಿಕಲ್ ಪ್ರೆಸ್‌ಗಳಲ್ಲಿ ಪಿನ್ ಕ್ಲಚ್ ಅಥವಾ ಕೀ ಕ್ಲಚ್ ಇರುವುದೇ ಹೆಚ್ಚು. ಅಂಥ ಪ್ರೆಸ್‌ನಲ್ಲಿ ಪೆಡಲ್ ಒತ್ತಿದ ಕೂಡಲೇ ಕ್ಲಚ್ ಫ್ಲೈವೀಲ್‌ಗೆ ಕಚ್ಚಿಕೊಳ್ಳುತ್ತದೆ, ಆಮೇಲೆ ಮೇಲಿಂದ ಬಡಿಯುವ ರ‍್ಯಾಮ್ ಒಂದು ಪೂರ್ಣ ಸುತ್ತು ಮುಗಿಸದೆ ನಿಲ್ಲುವುದಿಲ್ಲ. ಬೆಳಕಿನ ಪರದೆ, ಅಂದರೆ ಲೈಟ್ ಕರ್ಟನ್, ಕೈ ಒಳಗೆ ಬಂದದ್ದನ್ನು ಕಂಡುಹಿಡಿದರೂ ರ‍್ಯಾಮನ್ನು ನಡುವೆ ನಿಲ್ಲಿಸುವ ಶಕ್ತಿ ಯಂತ್ರಕ್ಕೇ ಇಲ್ಲ. ಲೈಟ್ ಕರ್ಟನ್ ಕೆಲಸ ಮಾಡುವುದು ಗಾಳಿಯಿಂದ ನಡೆಯುವ ಫ್ರಿಕ್ಷನ್ ಕ್ಲಚ್ ಮತ್ತು ಬ್ರೇಕ್ ಇರುವ, ಸ್ಟ್ರೋಕ್‌ನ ಮಧ್ಯದಲ್ಲೇ ನಿಲ್ಲಬಲ್ಲ ಪ್ರೆಸ್‌ಗಳಲ್ಲಿ, ಇಲ್ಲವೇ ಹೈಡ್ರಾಲಿಕ್ ಪ್ರೆಸ್‌ಗಳಲ್ಲಿ ಮಾತ್ರ.

ಪಿನ್ ಕ್ಲಚ್ ಪ್ರೆಸ್‌ಗೆ ಅತ್ಯಂತ ನಂಬಿಕಸ್ಥ ಪರಿಹಾರ ಡೈ ಸುತ್ತ ಬೋಲ್ಟ್ ಹಾಕಿ ಬಿಗಿದ ಸ್ಥಿರ ಗಾರ್ಡ್. ಶೀಟ್ ಅಥವಾ ಸ್ಟ್ರಿಪ್ ಒಳಗೆ ಹೋಗುವಷ್ಟು ಸೀಳು ಮಾತ್ರ ಬಿಟ್ಟು, ಆ ಸೀಳು 6 ಮಿಲಿಮೀಟರ್ ಮೀರದಂತೆ ನೋಡಿಕೊಂಡರೆ ಬೆರಳು ಡೈ ತಲುಪುವುದಿಲ್ಲ. ನಿಮ್ಮದೇ ಶಾಪ್‌ನಲ್ಲಿ ಕಬ್ಬಿಣದ ಪಟ್ಟಿ ಮತ್ತು ಜಾಲರಿಯಿಂದ ಇದನ್ನು ಮಾಡಿಕೊಳ್ಳಬಹುದು. ಬಿಡಿ ಬಿಲ್ಲೆಗಳನ್ನು ಒಂದೊಂದಾಗಿ ಇಡಬೇಕಾದ ಕೆಲಸದಲ್ಲಿ ಸ್ಥಿರ ಗಾರ್ಡ್ ಸಾಧ್ಯವಾಗದಿದ್ದರೆ, ಗೇಟು ಮುಚ್ಚಿದ ಹೊರತು ಕ್ಲಚ್ ಕಚ್ಚದಂತೆ ಜೋಡಿಸಿದ ಇಂಟರ್‌ಲಾಕ್ ಗಾರ್ಡ್ ಹಾಕಬೇಕು. ಇಲ್ಲವೇ ಬಿಲ್ಲೆಯನ್ನು ಹೊರಗೇ ಇಟ್ಟು ಒಳಗೆ ತಳ್ಳುವ ಜಾರು ಫೀಡರ್ ಮಾಡಿಸಬೇಕು. ತಯಾರಾದ ಭಾಗವನ್ನು ಬೆರಳಿನಿಂದ ತೆಗೆಯುವ ಬದಲು ಗಾಳಿಯಿಂದ ಊದಿ ಹೊರಹಾಕುವ ಏರ್ಪಾಡು ಮಾಡಿ. ಚಿಮಟ ಅಥವಾ ಅಯಸ್ಕಾಂತದ ಕಡ್ಡಿ ಇವೆಲ್ಲದರ ಜೊತೆಗಿರುವ ಸಹಾಯಕ ಸಾಧನವೇ ಹೊರತು ಗಾರ್ಡ್‌ಗೆ ಬದಲಿಯಾಗಲಾರದು.

ಎರಡು ಕೈಯಿಂದ ಒಟ್ಟಿಗೆ ಒತ್ತಿದರೆ ಮಾತ್ರ ಪ್ರೆಸ್ ಓಡಿಸುವ ಬಟನ್‌ಗಳು ಆಪರೇಟರ್‌ನ ಕೈಗಳನ್ನು ಕಾಯುತ್ತವೆ, ಆದರೆ ಪಕ್ಕದಲ್ಲಿ ನಿಂತು ಮಾಲು ಎತ್ತಿಕೊಡುವ ಹೆಲ್ಪರ್‌ನ ಕೈಗಳನ್ನು ಕಾಯುವುದಿಲ್ಲ. ಒಂದು ಬಟನ್‌ಗೆ ಟೇಪ್ ಸುತ್ತಿ ಅಥವಾ ಕಟ್ಟಿಗೆ ಚೂರು ಸಿಕ್ಕಿಸಿ ಒಂದೇ ಕೈಯಲ್ಲಿ ಓಡಿಸುತ್ತಿರುವುದು ಕಂಡರೆ, ಆ ಆಪರೇಟರ್‌ಗೆ ಬೈಯುವ ಮೊದಲು ಅವರಿಗೆ ಕೊಟ್ಟಿರುವ ಗಂಟೆಯ ಲೆಕ್ಕವನ್ನು ನೋಡಿ. ಎರಡು ಕೈ ಬಳಸಿದರೆ ಮುಟ್ಟಲಾಗದ ಗುರಿಯನ್ನು ಕೊಟ್ಟವರೇ ಆ ಟೇಪ್‌ಗೆ ಹೊಣೆ.

ಕೊನೆಯದಾಗಿ, ಒಮ್ಮೆ ಒತ್ತಿದರೆ ಎರಡು ಸಲ ಬಡಿಯುವ ಪ್ರೆಸ್ಸನ್ನು ಆ ಕ್ಷಣವೇ ನಿಲ್ಲಿಸಬೇಕು. ಕ್ಲಚ್ ಪಿನ್ ಸವೆದಿರುವುದು, ಸ್ಪ್ರಿಂಗ್ ಸೋತಿರುವುದು ಅಥವಾ ಬ್ರೇಕ್ ಸಡಿಲವಾಗಿರುವುದು ಅದರ ಕಾರಣವಾಗಿರುತ್ತದೆ. "ಈ ಲಾಟ್ ಮುಗಿಯಲಿ" ಎಂದು ಮುಂದುವರಿಸಿದ ಪ್ರೆಸ್‌ಗಳಲ್ಲಿಯೇ ಕೈಗಳು ಹೋಗಿವೆ. ಡೈ ಕಟ್ಟುವಾಗ ಮೋಟಾರ್ ಆಫ್ ಮಾಡಿದರೆ ಸಾಲದು. ಫ್ಲೈವೀಲ್ ಪೂರ್ತಿ ನಿಲ್ಲುವವರೆಗೆ ಕಾದು, ರ‍್ಯಾಮ್ ಕೆಳಗೆ ಗಟ್ಟಿ ಬ್ಲಾಕ್ ಇಟ್ಟ ಮೇಲೆಯೇ ಕೈ ಹಾಕಬೇಕು.

ಲೇತ್, ಡ್ರಿಲ್ಲಿಂಗ್ ಯಂತ್ರಗಳಲ್ಲಿ ಕೈಗವಸು ಹಾಕಿಕೊಳ್ಳಬೇಕೇ? ಗ್ರೈಂಡರ್‌ಗೆ ಏನು ನಿಯಮ?

ತಿರುಗುವ ಸ್ಪಿಂಡಲ್ ಹತ್ತಿರ ಕೈಗವಸು ಬೇಡ. ಬಟ್ಟೆಯ ನೂಲು ಒಂದು ಸಿಕ್ಕರೆ ಸಾಕು, ಬರಿಗೈಯಾಗಿದ್ದರೆ ಗೀರು ಮಾತ್ರ ಆಗುತ್ತಿದ್ದ ಕಡೆ ಸ್ಪಿಂಡಲ್ ಇಡೀ ಕೈಯನ್ನು ಎಳೆದುಕೊಳ್ಳುತ್ತದೆ. ಉಂಗುರ, ಸಡಿಲ ತೋಳು, ಇಳಿಬಿಟ್ಟ ದುಪಟ್ಟ, ಕಟ್ಟದ ಜಡೆ ಇವುಗಳ ವಿಷಯವೂ ಅಷ್ಟೇ. ಗಾರ್ಮೆಂಟ್ಸ್‌ನಲ್ಲಿ ಯಂತ್ರದ ಬೆಲ್ಟ್ ಕವರ್ ಕಳಚಿ ಬಿದ್ದಿದ್ದರೆ ಹೊಲಿಯುವ ಹೆಣ್ಣುಮಕ್ಕಳು ಇದೇ ಅಪಾಯದಲ್ಲಿರುತ್ತಾರೆ. ಕತ್ತರಿಸಿದ ಲೋಹದ ಸಿಂಬೆಗಳನ್ನು ತೆಗೆಯಲು ಕೊಕ್ಕೆ ಕೊಡಿ, ಕೈಗವಸನ್ನು ಯಂತ್ರ ನಿಂತ ಮೇಲೆ ಬಳಸಲಿ.

ಬೆಂಚ್ ಗ್ರೈಂಡರ್‌ನಲ್ಲಿ ಕೆಲಸದ ಆನಿಕೆ ಮತ್ತು ಕಲ್ಲಿನ ನಡುವಿನ ಸಂದು 3 ಮಿಲಿಮೀಟರ್ ಮೀರಬಾರದು, ಏಕೆಂದರೆ ದೊಡ್ಡ ಸಂದಿನಲ್ಲಿ ಭಾಗ ಸಿಕ್ಕಿಕೊಂಡು ಕಲ್ಲು ಒಡೆಯುತ್ತದೆ. ಹೊಸ ಕಲ್ಲನ್ನು ಜೋಡಿಸುವ ಮೊದಲು ತೂಗಿಹಿಡಿದು ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ಬಿರುಕಿಲ್ಲದ ಕಲ್ಲು ಖಣಿಲ್ ಎನ್ನುತ್ತದೆ, ಬಿರುಕಿದ್ದರೆ ಬೊದ್ದು ಸದ್ದು ಬರುತ್ತದೆ. ಆಂಗಲ್ ಗ್ರೈಂಡರ್‌ನ ಗಾರ್ಡ್ ಕಿತ್ತು ದೊಡ್ಡ ಡಿಸ್ಕ್ ಹಾಕುವ ಅಭ್ಯಾಸವಂತೂ ಪ್ರಾಣಕ್ಕೇ ಕುತ್ತು. ಡಿಸ್ಕ್ ಮೇಲೆ ಬರೆದಿರುವ ಗರಿಷ್ಠ ವೇಗ ಗ್ರೈಂಡರ್‌ನ ವೇಗಕ್ಕಿಂತ ಕಡಿಮೆ ಇದ್ದರೆ ಅದು ಕೈಯಲ್ಲೇ ಸಿಡಿಯುತ್ತದೆ.

ರಿಪೇರಿ ನಡೆಯುತ್ತಿರುವಾಗ ಬೇರೆಯವರು ಸ್ವಿಚ್ ಹಾಕದಂತೆ ತಡೆಯುವುದು ಹೇಗೆ?

ಬೀಗ ಹಾಕಿ. "ಸ್ವಿಚ್ ಹಾಕಬೇಡಿ" ಎಂಬ ಚೀಟಿ ಬಿದ್ದುಹೋಗುತ್ತದೆ, ಕೂಗಿ ಹೇಳಿದ ಮಾತು ಗದ್ದಲದಲ್ಲಿ ಕೇಳಿಸುವುದಿಲ್ಲ. ಮೇನ್ ಸ್ವಿಚ್ ಅಥವಾ ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಎಂಸಿಬಿಗೆ ಬೀಗ ಹಾಕುವ ಕ್ಲಿಪ್‌ಗಳು ಅಗ್ಗವಾಗಿ ಸಿಗುತ್ತವೆ. ಯಂತ್ರದೊಳಗೆ ಕೈ ಹಾಕುವವರೇ ಬೀಗ ಹಾಕಿ ಕೀಲಿಯನ್ನು ತಮ್ಮ ಜೇಬಿನಲ್ಲಿ ಇಟ್ಟುಕೊಳ್ಳಬೇಕು. ಮೂವರು ಕೆಲಸ ಮಾಡುತ್ತಿದ್ದರೆ ಮೂರು ಬೀಗ. ಬೀಗ ಹಾಕಿದ ಮೇಲೆ ಸ್ಟಾರ್ಟ್ ಬಟನ್ ಒತ್ತಿ ಯಂತ್ರ ನಿಜಕ್ಕೂ ಸತ್ತಿದೆಯೇ ಎಂದು ನೋಡಬೇಕು. ಹೈಡ್ರಾಲಿಕ್ ಒತ್ತಡ, ಗಾಳಿಯ ಸಿಲಿಂಡರ್, ಎತ್ತಿ ನಿಲ್ಲಿಸಿದ ಭಾರ ಇವು ಕರೆಂಟ್ ಹೋದರೂ ಶಕ್ತಿಯನ್ನು ಹಿಡಿದುಕೊಂಡೇ ಇರುವುದರಿಂದ ಅವನ್ನೂ ಬಿಡುಗಡೆ ಮಾಡಬೇಕು.

ತೊಟ್ಟಿ, ಸಂಪು, ತ್ಯಾಜ್ಯದ ಟ್ಯಾಂಕ್‌ಗಳಲ್ಲಿ ಇಳಿಯುವುದು ಏಕೆ ಅಷ್ಟು ಅಪಾಯಕಾರಿ?

2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರಲ್ಲಿ, ತ್ಯಾಜ್ಯದ ತೊಟ್ಟಿಯಲ್ಲಿ ಒಬ್ಬ ಕಾರ್ಮಿಕ ಪ್ರಜ್ಞೆ ತಪ್ಪಿದ. ಅವನನ್ನು ಎತ್ತಲು ಹೋದ ಜೊತೆಗಾರರೂ ಒಬ್ಬರ ಹಿಂದೊಬ್ಬರು ಕುಸಿದರು. ಒಟ್ಟು ಐವರು ಪ್ರಾಣ ಕಳೆದುಕೊಂಡರು. ಪಶ್ಚಿಮ ಬಂಗಾಳದಿಂದ ದುಡಿಯಲು ಬಂದಿದ್ದ ಎಳೆಯ ವಯಸ್ಸಿನವರು ಅವರು. ಒಬ್ಬನ ಜೀವ ಉಳಿಸಲು ಹೋದವರು ಸಾಯುವುದು ಈ ಬಗೆಯ ಅಪಘಾತಗಳಲ್ಲಿ ಮತ್ತೆ ಮತ್ತೆ ಕಂಡುಬರುತ್ತದೆ, ಮತ್ತು ಆ ಸಾವುಗಳಿಗೆ ಅವರ ಧೈರ್ಯವನ್ನು ದೂಷಿಸುವುದು ಅನ್ಯಾಯ. ರಕ್ಷಣೆಯ ಏರ್ಪಾಡೇ ಇಲ್ಲದಿದ್ದಾಗ ಅವರು ಮಾಡಬಹುದಾದದ್ದು ಅದೊಂದೇ ಆಗಿತ್ತು.

ಕೊಳೆಯುವ ವಸ್ತು ಇರುವ ಕಡೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ. ಕಡಿಮೆ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಆದರೆ ಹತ್ತು ಲಕ್ಷದಲ್ಲಿ ನೂರು ಭಾಗದ ಸುಮಾರಿಗೆ ಏರಿದಾಗ ಮೂಗಿನ ಗ್ರಹಣಶಕ್ತಿಯೇ ಸತ್ತುಹೋಗುತ್ತದೆ. ಹಾಗಾಗಿ "ವಾಸನೆ ಹೋಯಿತು, ಇಳಿಯಬಹುದು" ಎಂಬ ತೀರ್ಮಾನ ಪ್ರಾಣಾಂತಿಕ. ಮಾಮೂಲಿ ಗಾಳಿಯಲ್ಲಿ ಆಮ್ಲಜನಕ ಶೇ. 20.9ರಷ್ಟಿರುತ್ತದೆ. ಅದು ಶೇ. 19.5ಕ್ಕಿಂತ ಕೆಳಗಿಳಿದ ಜಾಗಕ್ಕೆ ಗಾಳಿಯ ವ್ಯವಸ್ಥೆಯಿಲ್ಲದೆ ಯಾರೂ ಇಳಿಯಬಾರದು. ದೀಪ ಹಚ್ಚಿ ಇಳಿಬಿಟ್ಟು ಪರೀಕ್ಷಿಸುವ ಹಳೆಯ ಪದ್ಧತಿ ವಿಷಾನಿಲವನ್ನು ತೋರಿಸುವುದಿಲ್ಲ, ಮೀಥೇನ್ ಇದ್ದರೆ ಸ್ಫೋಟವನ್ನೇ ಉಂಟುಮಾಡುತ್ತದೆ.

ಮೊದಲ ಪ್ರಶ್ನೆ ಯಾವಾಗಲೂ ಇದಾಗಿರಲಿ: ಮನುಷ್ಯರು ಇಳಿಯದೆ ಈ ಕೆಲಸ ಮಾಡಲು ಸಾಧ್ಯವೇ? ಸಕ್ಷನ್ ಯಂತ್ರ, ಒತ್ತಡದ ನೀರು, ಹೊರಗಿನಿಂದ ತೊಳೆಯುವ ಪೈಪುಗಳಿಂದ ಬಹಳಷ್ಟು ತೊಟ್ಟಿಗಳನ್ನು ಶುಚಿ ಮಾಡಬಹುದು. ಚರಂಡಿ ಮತ್ತು ಶೌಚಗುಂಡಿಗಳಿಗೆ ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಇಳಿಸುವುದು ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯ ಪ್ರಕಾರ ಅಪರಾಧ. ಇಳಿಯುವುದು ಅನಿವಾರ್ಯವಾದರೆ, ಜವಾಬ್ದಾರರೊಬ್ಬರು ಸಹಿ ಮಾಡಿದ ಲಿಖಿತ ಅನುಮತಿ, ತೊಟ್ಟಿಗೆ ಬರುವ ಎಲ್ಲ ಪೈಪುಗಳನ್ನು ಬಂದ್ ಮಾಡುವುದು, ಬ್ಲೋವರ್‌ನಿಂದ ತಡೆಯಿಲ್ಲದ ಗಾಳಿ, ಅನಿಲ ಮಾಪಕದಿಂದ ಮೇಲೆ, ನಡುವೆ, ತಳದಲ್ಲಿ ಅಳತೆ, ಇಳಿಯುವವರಿಗೆ ಬೆಲ್ಟ್ ಮತ್ತು ಹಗ್ಗ, ಹೊರಗಿನಿಂದಲೇ ಎತ್ತಬಲ್ಲ ತ್ರಿಪಾದ ರಾಟೆ, ಜಾಗ ಬಿಟ್ಟು ಕದಲದ ಕಾವಲುಗಾರ, ಇವಿಷ್ಟೂ ಬೇಕು. ಒಳಗೆ ಒಯ್ಯುವ ದೀಪ 24 ವೋಲ್ಟ್ ಮೀರಬಾರದು ಎಂಬುದು ಕಾರ್ಖಾನೆ ಕಾನೂನಿನ ಹಳೆಯ ನಿಯಮ. ಇದರಲ್ಲಿ ಒಂದು ಇಲ್ಲದಿದ್ದರೂ ಕೆಲಸ ನಿಲ್ಲಬೇಕು.

ಅನಿಲ ಮಾಪಕ ದುಬಾರಿ ಎನ್ನುವವರು ಅದನ್ನು ಬಾಡಿಗೆಗೆ ತರಬಹುದು, ಅಥವಾ ಒಂದೇ ಕೈಗಾರಿಕಾ ಪ್ರದೇಶದ ನಾಲ್ಕಾರು ಘಟಕಗಳು ಸೇರಿ ಕೊಳ್ಳಬಹುದು.

ವಿದ್ಯುತ್ ಆಘಾತ ತಡೆಯಲು ಎಂಸಿಬಿ ಇದ್ದರೆ ಸಾಲದೇ?

ಸಾಲದು. ಎಂಸಿಬಿ ಕಾಯುವುದು ವೈರನ್ನು. ಅದು ಟ್ರಿಪ್ ಆಗಲು ಬೇಕಾಗುವ ಕರೆಂಟಿನ ಬಹಳ ಸಣ್ಣ ಅಂಶವೇ ಮನುಷ್ಯರ ಹೃದಯವನ್ನು ನಿಲ್ಲಿಸಬಲ್ಲದು. ಕೈಯಲ್ಲಿ ಹಿಡಿಯುವ ಡ್ರಿಲ್, ಗ್ರೈಂಡರ್ ಮತ್ತು ಎಕ್ಸ್‌ಟೆನ್ಷನ್ ಬೋರ್ಡ್‌ಗಳಿರುವ ಸರ್ಕ್ಯೂಟ್‌ಗಳಿಗೆ ಕರೆಂಟ್ ಸೋರಿದ ಕೂಡಲೇ ಸರ್ಕ್ಯೂಟ್ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸಿ, ಅದರ ಟೆಸ್ಟ್ ಬಟನ್ನನ್ನು ತಿಂಗಳಿಗೊಮ್ಮೆ ಒತ್ತಿ ನೋಡಿ. ಪ್ಲಗ್ ಇಲ್ಲದೆ ವೈರಿನ ತುದಿಗಳನ್ನು ಬೆಂಕಿಕಡ್ಡಿಯಿಂದ ಸಾಕೆಟ್‌ಗೆ ಸಿಕ್ಕಿಸುವುದನ್ನು ಒಂದು ದಿನವೂ ಸಹಿಸಬೇಡಿ.

ಗೋದಾಮು ಮತ್ತು ಎತ್ತರದ ಕೆಲಸಗಳಲ್ಲಿ ಏನನ್ನು ಮುಖ್ಯವಾಗಿ ನೋಡಬೇಕು?

2023ರ ಡಿಸೆಂಬರ್‌ನಲ್ಲಿ ವಿಜಯಪುರದ ಗೋದಾಮೊಂದರಲ್ಲಿ ಮೆಕ್ಕೆಜೋಳದ ಸಂಗ್ರಹ ಕುಸಿದು ಬಿಹಾರದ ಏಳು ಕಾರ್ಮಿಕರು ಮೂಟೆಗಳಡಿ ಸಿಲುಕಿ ಸತ್ತರು. ಮೂಟೆಗಳು ಮೆತ್ತಗೆ ಕಾಣುವುದರಿಂದ ಅವುಗಳ ಅಪಾಯ ನಮ್ಮ ಕಣ್ಣಿಗೆ ಬೀಳುವುದಿಲ್ಲ, ಆದರೆ ಎತ್ತರಕ್ಕೆ ಪೇರಿಸಿದ ರಾಶಿಯ ತೂಕ ಹತ್ತಾರು ಟನ್ ಮುಟ್ಟುತ್ತದೆ. ಮೂಟೆಗಳನ್ನು ಇಟ್ಟಿಗೆ ಕಟ್ಟುವಂತೆ ಅಡ್ಡ ಉದ್ದ ಹೆಣೆದು ಪೇರಿಸಬೇಕು, ಬುಡದಿಂದ ಮೂಟೆ ಎಳೆಯಬಾರದು, ವಾಲಿದ ರಾಶಿಯ ಪಕ್ಕದ ದಾರಿಯನ್ನು ಮುಚ್ಚಬೇಕು. ಉಕ್ಕಿನ ರ‍್ಯಾಕ್ ಅಥವಾ ಶೇಖರಣಾ ಕಟ್ಟಡವಾಗಿದ್ದರೆ ಅದು ತಡೆಯುವ ಭಾರವನ್ನು ಎಂಜಿನಿಯರ್ ಲೆಕ್ಕ ಹಾಕಿ, ಎಲ್ಲರಿಗೂ ಕಾಣುವಂತೆ ಬರೆಸಿರಬೇಕು.

ಸಿಮೆಂಟ್ ಶೀಟಿನ ಛಾವಣಿ ಮನುಷ್ಯರ ಭಾರವನ್ನು ಹೊರುವುದಿಲ್ಲ. ಮಳೆಗಾಲದ ಮೊದಲು ಶೀಟ್ ಬದಲಿಸಲು ಏರುವವರಿಗೆ ನಡೆಯುವ ಹಲಗೆ, ಕೆಳಗೆ ಬಲೆ, ಗಟ್ಟಿ ಆಧಾರಕ್ಕೆ ಕಟ್ಟಿದ ಬೆಲ್ಟ್ ಇಲ್ಲದೆ ಕೆಲಸ ಶುರುವಾಗಬಾರದು. ಬೆಲ್ಟ್ ಕೊಟ್ಟು ಕೊಕ್ಕೆ ಸಿಕ್ಕಿಸಲು ಜಾಗವನ್ನೇ ತೋರಿಸದಿರುವುದು ಸರ್ವೇಸಾಮಾನ್ಯ. ಆ ಜಾಗವನ್ನು ಮೊದಲು ಸಿದ್ಧಪಡಿಸಿ.

ಹೆಲ್ಮೆಟ್, ಶೂ, ಕನ್ನಡಕ ಕೊಟ್ಟರೆ ನಮ್ಮ ಜವಾಬ್ದಾರಿ ಮುಗಿಯುವುದಿಲ್ಲವೇ?

ಮುಗಿಯುವುದಿಲ್ಲ. ಅಪಾಯವನ್ನೇ ಇಲ್ಲವಾಗಿಸುವುದು, ಆಗದಿದ್ದರೆ ಕಡಿಮೆ ಅಪಾಯದ ವಸ್ತು ಅಥವಾ ವಿಧಾನಕ್ಕೆ ಹೋಗುವುದು, ಬಳಿಕ ಗಾರ್ಡ್ ಮತ್ತು ಗಾಳಿಯ ವ್ಯವಸ್ಥೆ, ಆಮೇಲೆ ತರಬೇತಿ ಮತ್ತು ನಿಯಮಗಳು, ಕಟ್ಟಕಡೆಗೆ ಮೈಮೇಲೆ ಧರಿಸುವ ಸಾಧನಗಳು, ಇದು ಪ್ರಪಂಚದಾದ್ಯಂತ ಒಪ್ಪಿಕೊಂಡಿರುವ ಅನುಕ್ರಮ. ನಮ್ಮಲ್ಲಿ ಕೊನೆಯದು ಮೊದಲಿಗೆ ಬರುತ್ತದೆ, ಏಕೆಂದರೆ ಅದನ್ನು ಅಂಗಡಿಯಿಂದ ತಂದು ಹಂಚಬಹುದು. ಸಾಧನ ಕೊಡಲೇಬೇಕಾದಲ್ಲಿ ಅಳತೆಗೆ ಸರಿಹೊಂದುವ, ಐಎಸ್‌ಐ ಗುರುತಿನ, ಸವೆದಾಗ ಪ್ರಶ್ನೆಯಿಲ್ಲದೆ ಬದಲಿಸಿಕೊಡುವ ಸಾಧನಗಳನ್ನೇ ಕೊಡಿ, ಮತ್ತು ಅದರ ಬೆಲೆಯನ್ನು ಸಂಬಳದಲ್ಲಿ ಮುರಿದುಕೊಳ್ಳಬೇಡಿ.

ಧೂಳು ಮತ್ತು ಶಬ್ದದಿಂದ ಆಗುವ ಹಾನಿಯನ್ನೂ ಅಪಘಾತವೆಂದು ನೋಡಬೇಕೇ?

ಅಷ್ಟೇ ಗಂಭೀರವಾಗಿ ನೋಡಬೇಕು. ಫೌಂಡ್ರಿಯ ಮರಳು, ಸ್ಯಾಂಡ್ ಬ್ಲಾಸ್ಟಿಂಗ್, ಕಲ್ಲು ಕತ್ತರಿಸುವ ಕೆಲಸಗಳಿಂದ ಏಳುವ ಸಿಲಿಕಾ ಧೂಳು ಶ್ವಾಸಕೋಶವನ್ನು ಗಟ್ಟಿಗೊಳಿಸುತ್ತದೆ, ಮತ್ತು ಸಿಲಿಕೋಸಿಸ್‌ಗೆ ಔಷಧಿ ಇಲ್ಲ. ಕೋಲಾರದ ಚಿನ್ನದ ಗಣಿಗಳಲ್ಲಿ 1940ರ ದಶಕದಲ್ಲಿ ನಡೆದ ತಪಾಸಣೆಗಳಲ್ಲೇ ಈ ರೋಗ ಎಷ್ಟು ವ್ಯಾಪಕವಾಗಿದೆ ಎಂಬುದು ಗೊತ್ತಾಗಿತ್ತು. ಅಷ್ಟು ಹಳೆಯ ತಿಳಿವಳಿಕೆ ಇದ್ದೂ ನಮ್ಮದೇ ರಾಜ್ಯದ ಕಾರ್ಮಿಕರು ಇಂದಿಗೂ ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಈ ಕೆಲಸ ಮಾಡುವುದು ನೋವಿನ ಸಂಗತಿ. ಬಟ್ಟೆ ಆ ಸೂಕ್ಷ್ಮ ಕಣಗಳನ್ನು ತಡೆಯುವುದಿಲ್ಲ. ನೀರು ಚಿಮುಕಿಸಿ ಕತ್ತರಿಸುವುದು, ಧೂಳು ಹುಟ್ಟುವ ಬಾಯಲ್ಲೇ ಹೀರುವ ಪೈಪ್ ಇಡುವುದು, ಒಣ ಪೊರಕೆ ಮತ್ತು ಗಾಳಿಯ ಪೈಪಿನಿಂದ ನೆಲ ಗುಡಿಸುವುದನ್ನು ನಿಲ್ಲಿಸುವುದು ಇವು ಮೊದಲು. ಜೊತೆಗೆ ಎನ್95 ಅಥವಾ ಅದಕ್ಕಿಂತ ಉತ್ತಮ ಮುಖವಾಡ ಇರಲಿ.

ಒಂದು ತೋಳಿನ ದೂರದಲ್ಲಿರುವವರೊಂದಿಗೆ ಮಾತಾಡಲು ಕೂಗಬೇಕಾದರೆ ಅಲ್ಲಿನ ಶಬ್ದ ಕಿವಿಗೆ ಹಾನಿ ಮಾಡುವ ಮಟ್ಟದಲ್ಲಿದೆ ಎಂದು ತಿಳಿಯಿರಿ. ಹೋದ ಶ್ರವಣಶಕ್ತಿ ಮರಳುವುದಿಲ್ಲ.

ಗುತ್ತಿಗೆ ಮತ್ತು ಹೊರರಾಜ್ಯದ ಕಾರ್ಮಿಕರಿಗೆ ತರಬೇತಿ ಕೊಡುವುದು ಯಾರ ಹೊಣೆ?

ಕೆಲಸ ನಡೆಯುವ ಜಾಗದ ಒಡೆಯರದ್ದು. ಕಾರ್ಖಾನೆಗಳ ಕಾಯ್ದೆಯು ಗುತ್ತಿಗೆದಾರರ ಮೂಲಕ ಬಂದವರನ್ನೂ ಕಾರ್ಮಿಕರೆಂದೇ ಎಣಿಸಿತ್ತು. ಮೇಲೆ ಹೇಳಿದ ಮಂಗಳೂರು ಮತ್ತು ವಿಜಯಪುರದ ದುರ್ಘಟನೆಗಳೆರಡರಲ್ಲೂ ಸತ್ತವರು ದೂರದ ರಾಜ್ಯಗಳಿಂದ ಬಂದವರೆಂಬುದನ್ನು ಮರೆಯಬಾರದು. ಕನ್ನಡದಲ್ಲಿ ಬರೆದ ಎಚ್ಚರಿಕೆಯ ಫಲಕ ಒಡಿಯಾ ಅಥವಾ ಬಂಗಾಳಿ ಮಾತ್ರ ಬಲ್ಲವರಿಗೆ ಏನನ್ನೂ ಹೇಳುವುದಿಲ್ಲ. ಚಿತ್ರಗಳಿರುವ ಫಲಕ ಹಾಕಿ, ಅವರ ಭಾಷೆ ಬಲ್ಲ ಹಳೆಯ ಕಾರ್ಮಿಕರೊಬ್ಬರಿಂದ ಯಂತ್ರದ ಮುಂದೆಯೇ ಮಾಡಿ ತೋರಿಸಿ, ಆಮೇಲೆ ಹೊಸಬರಿಂದ ಮಾಡಿಸಿ ನೋಡಿ. ತಲೆಯಾಡಿಸಿದರೆ ಅರ್ಥವಾಯಿತೆಂದು ಭಾವಿಸಬೇಡಿ.

ಓವರ್‌ಟೈಮ್‌ಗೂ ಅಪಘಾತಕ್ಕೂ ಸಂಬಂಧ ಇದೆಯೇ?

ಇದೆ. ದಣಿದ ಮೈಯ ಪ್ರತಿಕ್ರಿಯೆ ನಿಧಾನವಾಗುತ್ತದೆ, ರಾತ್ರಿ ಪಾಳಿಯ ಕೊನೆಯ ಗಂಟೆಗಳಲ್ಲಿ ಇದು ಇನ್ನೂ ಹೆಚ್ಚು. ಕಾರ್ಖಾನೆಗಳ ಕಾಯ್ದೆಗೆ 2023ರಲ್ಲಿ ಕರ್ನಾಟಕ ತಂದ ತಿದ್ದುಪಡಿಯು ವಾರಕ್ಕೆ 48 ಗಂಟೆ ಮೀರದಂತೆ, ಕಾರ್ಮಿಕರ ಲಿಖಿತ ಒಪ್ಪಿಗೆಯೊಂದಿಗೆ ದಿನಕ್ಕೆ 12 ಗಂಟೆಯವರೆಗಿನ ಪಾಳಿಗೆ ದಾರಿ ಮಾಡಿತು. ಕಾನೂನು ಒಪ್ಪಿದ ಮಾತ್ರಕ್ಕೆ ಮೈ ಒಪ್ಪುವುದಿಲ್ಲವಾದ್ದರಿಂದ ಪ್ರೆಸ್, ಕ್ರೇನ್, ಫೋರ್ಕ್‌ಲಿಫ್ಟ್‌ನಂಥ ಕೆಲಸಗಳಿಗೆ ಅಷ್ಟು ದೀರ್ಘ ಪಾಳಿ ಬೇಡವೆಂಬುದು ನಮ್ಮ ಅಭಿಪ್ರಾಯ.

ನಮ್ಮದು ಹತ್ತು ಹನ್ನೆರಡು ಜನರ ಶಾಪ್. ಕಾನೂನು ನಮಗೂ ಅನ್ವಯಿಸುತ್ತದೆಯೇ?

1948ರ ಕಾಯ್ದೆಯಲ್ಲಿ, ವಿದ್ಯುತ್ ಬಳಸುವ ಕಡೆ 10 ಮತ್ತು ಬಳಸದ ಕಡೆ 20 ಕಾರ್ಮಿಕರಿದ್ದರೆ ಅದು ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು. ಅದರ ಬದಲಿಗೆ 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆ ಆ ಮಿತಿಗಳನ್ನು 20 ಮತ್ತು 40ಕ್ಕೆ ಏರಿಸಿದೆ. ಆದರೂ ಹತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳು ಸಂಹಿತೆಯ ವ್ಯಾಪ್ತಿಗೆ ಬರುವುದರಿಂದ, ಅಪಾಯವಿಲ್ಲದ ಕೆಲಸದ ಜಾಗವನ್ನು ಒದಗಿಸುವ ಕರ್ತವ್ಯ ನಿಮ್ಮ ಮೇಲೂ ಇದೆ. ಇನ್ನೂ ಚಿಕ್ಕ ಘಟಕವಾದರೂ, ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ ಅಡಿ ಐದು ವರ್ಷಗಳವರೆಗೆ ಶಿಕ್ಷೆಯಾಗಬಹುದು. ಅದಕ್ಕೆ ಕಾರ್ಮಿಕರ ಸಂಖ್ಯೆಯ ಮಿತಿ ಇಲ್ಲ.

ಕೂದಲೆಳೆಯಲ್ಲಿ ತಪ್ಪಿದ ಅಪಘಾತಗಳನ್ನು ಯಾರೂ ನಮಗೆ ತಿಳಿಸುವುದಿಲ್ಲ. ಏನು ಮಾಡಬೇಕು?

ತಿಳಿಸಿದವರಿಗೆ ಹಿಂದೆ ಏನಾಯಿತು ಎಂದು ನೆನಪಿಸಿಕೊಳ್ಳಿ. ಭಾರ ಎತ್ತುವ ಸ್ಲಿಂಗ್ ಹರಿದದ್ದನ್ನು ಹೇಳಿದವರಿಗೇ ಮೆಮೊ ಸಿಕ್ಕಿದ್ದರೆ ಮುಂದೆ ಯಾರೂ ಬಾಯಿ ಬಿಡುವುದಿಲ್ಲ. "ಇಷ್ಟು ದಿನ ಅಪಘಾತವಿಲ್ಲ" ಎಂಬ ಫಲಕಕ್ಕೆ ಬಹುಮಾನ ಕಟ್ಟಿದರೂ ಹಾಗೆಯೇ, ಗಾಯಗಳು ಮುಚ್ಚಿಹೋಗುತ್ತವೆ. ವಾರಕ್ಕೊಮ್ಮೆ ಪಾಳಿ ಆರಂಭದಲ್ಲಿ ಹತ್ತು ನಿಮಿಷ ಎಲ್ಲರೂ ನಿಂತು ಮಾತಾಡಿ, ಹೇಳಿದ್ದರಲ್ಲಿ ಒಂದನ್ನಾದರೂ ಆ ವಾರವೇ ಸರಿಪಡಿಸಿ, ಸರಿಪಡಿಸಿದ್ದನ್ನು ತೋರಿಸಿ. ನಂಬಿಕೆ ಬರುವುದು ಆಗಲೇ.

ಅಪಘಾತ ನಡೆದುಹೋದರೆ ಮೊದಲು ಏನು ಮಾಡಬೇಕು?

ಯಂತ್ರ ಮತ್ತು ವಿದ್ಯುತ್ ನಿಲ್ಲಿಸಿ, 108 ಅಥವಾ 112ಕ್ಕೆ ಕರೆ ಮಾಡಿ. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿಯಿರಿ. ಕಾಫಿಪುಡಿ, ಅರಿಶಿನ, ಗ್ರೀಸ್ ಹಚ್ಚಬೇಡಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿ ಹಿಂಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿ, ಆ ಚೀಲವನ್ನು ಮಂಜುಗಡ್ಡೆ ಇರುವ ಇನ್ನೊಂದು ಚೀಲದಲ್ಲಿಟ್ಟು ಗಾಯಾಳುವಿನ ಜೊತೆಗೇ ಕಳಿಸಿ. ಮಂಜುಗಡ್ಡೆಗೆ ನೇರವಾಗಿ ತಾಗಿದರೆ ಜೀವಕೋಶಗಳು ಸಾಯುತ್ತವೆ. ಬೆರಳು ಮರುಜೋಡಿಸುವ ಸೌಲಭ್ಯ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಎಂಬುದನ್ನು ಇಂದೇ ವಿಚಾರಿಸಿ ಗೋಡೆಯ ಮೇಲೆ ಬರೆದಿಡಿ.

ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯ ಕಾರ್ಮಿಕರಾದರೆ, ಅಂದರೆ ಮಾಸಿಕ ವೇತನ ₹21,000 ಮೀರದಿದ್ದರೆ, ಅಪಘಾತವನ್ನು ಇಎಸ್‌ಐ ನಿಗಮಕ್ಕೆ ಕೂಡಲೇ ವರದಿ ಮಾಡಿ. ಕೆಲಸದ ಗಾಯಕ್ಕೆ ಸಿಗುವ ಸೌಲಭ್ಯ ಸೇರಿದ ಮೊದಲ ದಿನದಿಂದಲೇ ಅನ್ವಯಿಸುತ್ತದೆ, ಮತ್ತು ಗುಣವಾಗುವವರೆಗೆ ವೇತನದ ಸುಮಾರು ಶೇ. 90ರಷ್ಟು ಸಿಗುತ್ತದೆ. "ಮನೆಯಲ್ಲಿ ಬಿದ್ದದ್ದು" ಎಂದು ಬರೆಸಿ ಖಾಸಗಿ ಆಸ್ಪತ್ರೆಯಲ್ಲಿ ಮುಗಿಸಿಬಿಡುವವರು ಆ ಕುಟುಂಬದ ಮುಂದಿನ ಪಿಂಚಣಿಯನ್ನೇ ಕಿತ್ತುಕೊಂಡಂತೆ. ಸಾವು ಸಂಭವಿಸಿದರೆ, ಅಥವಾ ಗಾಯಾಳು 48 ಗಂಟೆ ಕೆಲಸಕ್ಕೆ ಬರಲಾಗದಿದ್ದರೆ, ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ ತಿಳಿಸಬೇಕೆಂಬ ನಿಯಮ ಕಾರ್ಖಾನೆ ಕಾನೂನಿನಲ್ಲಿ ಮೊದಲಿನಿಂದ ಇದೆ.

ತನಿಖೆಯ ಹೊತ್ತಿಗೆ "ಯಾರು ತಪ್ಪು ಮಾಡಿದರು" ಎಂದು ಕೇಳಿದರೆ ಒಂದು ಹೆಸರು ಸಿಗುತ್ತದೆ, ಯಂತ್ರ ಹಾಗೆಯೇ ಉಳಿಯುತ್ತದೆ. "ಅವರ ಜಾಗದಲ್ಲಿ ಬೇರೊಬ್ಬರು ಇದ್ದಿದ್ದರೂ ಹೀಗಾಗುತ್ತಿತ್ತೇ?" ಎಂದು ಕೇಳಿ. ಉತ್ತರ ಹೌದಾದರೆ, ಸರಿಪಡಿಸಬೇಕಾದದ್ದು ಏನೆಂದು ಗೊತ್ತಾಯಿತು.

ಕಣ್ಣೆದುರೇ ಅಪಾಯ ಕಂಡಾಗ ಕಾರ್ಮಿಕರು ಕೆಲಸ ನಿಲ್ಲಿಸುವಂತೆ ಕೇಳಬಹುದೇ?

ಖಂಡಿತವಾಗಿ ಕೇಳಬಹುದು. 1984ರ ಭೋಪಾಲ್ ದುರಂತದ ಬಳಿಕ 1987ರಲ್ಲಿ ಕಾರ್ಖಾನೆಗಳ ಕಾಯ್ದೆಗೆ ತಂದ ತಿದ್ದುಪಡಿಯು, ಜೀವಕ್ಕೆ ಅಥವಾ ಆರೋಗ್ಯಕ್ಕೆ ಸನ್ನಿಹಿತ ಅಪಾಯವಿದೆ ಎಂದು ಅನ್ನಿಸಿದರೆ ಅದನ್ನು ಮಾಲೀಕರ ಮತ್ತು ಇನ್‌ಸ್ಪೆಕ್ಟರ್ ಗಮನಕ್ಕೆ ತರುವ ಹಕ್ಕನ್ನು ಅಪಾಯಕಾರಿ ಉದ್ಯಮಗಳ ಕಾರ್ಮಿಕರಿಗೆ ಕೊಟ್ಟಿತು. 2020ರ ಸಂಹಿತೆಯಲ್ಲೂ ಇಂಥ ಹಕ್ಕು ಇದೆ, ಮತ್ತು ದೂರಿನಲ್ಲಿ ಹುರುಳಿದ್ದರೆ ಮಾಲೀಕರು ತಕ್ಷಣ ಪರಿಹಾರ ಕ್ರಮ ಕೈಗೊಳ್ಳಬೇಕು. ಮೊದಲು ಸೂಪರ್‌ವೈಸರ್‌ಗೆ ಹೇಳಿ, ಸಾಧ್ಯವಾದರೆ ಇಬ್ಬರು ಮೂವರು ಒಟ್ಟಾಗಿ ಹೇಳಿ, ಏನೂ ಆಗದಿದ್ದರೆ ದಿನಾಂಕ ಹಾಕಿ ಬರೆದು ಕೊಟ್ಟು, ಒಂದು ಪ್ರತಿಯನ್ನು ಇಟ್ಟುಕೊಂಡು ಇಲಾಖೆಯ ಕಚೇರಿಗೂ ಕಳಿಸಿ. ಮಾಲೀಕರು ಮಾಡಬೇಕಾದದ್ದು ಇನ್ನೂ ಸರಳ: ಗಾರ್ಡ್ ಇಲ್ಲದ ಯಂತ್ರ ಓಡಿಸುವುದಿಲ್ಲ, ಅನಿಲ ಅಳೆಯದ ತೊಟ್ಟಿಗೆ ಇಳಿಯುವುದಿಲ್ಲ ಎಂದವರ ಆ ದಿನದ ಕೂಲಿಗೆ ಕತ್ತರಿ ಬೀಳುವುದಿಲ್ಲವೆಂದು ಬರೆದು, ಸಹಿ ಹಾಕಿ, ಹಾಜರಿ ಪುಸ್ತಕದ ಪಕ್ಕದಲ್ಲಿ ಅಂಟಿಸಿ.